ಚಿತ್ರದ ಕೆಳಗಿನ ಸಾಲು

ಇಳಕಲ್
16 ನವೆಂಬರ್ 2025, ಭಾನುವಾರ

ಪ್ರೀತಿಯ ಪ್ರಿಯದರ್ಶಿನಿ,

ಹೇಗಿದ್ದೀಯ? ಮನೆಯಲ್ಲಿ ಎಲ್ಲರೂ ಕ್ಷೇಮವೇ? ದೀಪಾವಳಿಗೆ ನೀನು ಕಳಿಸಿದ ಸಂದೇಶಕ್ಕೆ ಇಂದಿಗೂ ಉತ್ತರಿಸದ ಸೋಮಾರಿ ನಾನು. ಬೈದುಬಿಡು, ಬೈಸಿಕೊಳ್ಳಲು ತಯಾರಿದ್ದೇನೆ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಲೂಬೇಡ. ಒಂದು ವಾರದಿಂದ ಫೋನ್ ಮುಟ್ಟಲು ಕೈ ಅಂಜುತ್ತಿದೆ.

ಬಾದಾಮಿಯ ತರಬೇತಿಯಲ್ಲಿ ನೀನು ತೋರಿಸಿಕೊಟ್ಟ ಪಾಠವನ್ನೇ ನನ್ನ ಐದನೇ ತರಗತಿಯಲ್ಲಿ ಮಾಡಿಸಿದೆ. ಒಂದೇ ವಿಡಿಯೋ, ಕೆಳಗೆ ಒಮ್ಮೆ ನಿಜವಾದ ಸಾಲು, ಇನ್ನೊಮ್ಮೆ ಸುಳ್ಳು ಸಾಲು, ಕೆಳಗೆ ಬರೆದದ್ದನ್ನೆಲ್ಲ ನಂಬಬಾರದೆಂದು ಮಕ್ಕಳು ಕಲಿಯಲಿ ಎಂದು. ನನ್ನ ತರಗತಿ ನಿನಗೆ ಗೊತ್ತಲ್ಲ, ಮನೆಯಲ್ಲಿ ಕನ್ನಡ ಆಡುವವರು, ಉರ್ದು ಆಡುವವರು, ಲಂಬಾಣಿ ಆಡುವವರು, ಆಟದ ಬಿಡುವಿನಲ್ಲಿ ಮೂರನ್ನೂ ಬೆರೆಸಿ ಜಗಳ ಆಡುವವರು. ನಮ್ಮ ಅರ್ಷದನ ಅಜ್ಜಿ ರಂಜಾನಬಿ ಸೀರೆಯ ನೂಲಿಗೆ ಬಣ್ಣ ಹಾಕುವವರು. ಆ ಕೆಲಸವನ್ನು ಅವರು ಮನೆಮಾತಾದ ಉರ್ದುವಿನಲ್ಲಿ ವಿವರಿಸುವುದನ್ನು ವಿಡಿಯೋ ಮಾಡಿಕೊಂಡೆವು. "ಪಾನೀಮೆ ರಂಗ್ ಡಾಲೆ" ಎಂದರು. ಮೊದಲನೆಯದರ ಕೆಳಗೆ "ನೀರಿಗೆ ಬಣ್ಣ ಹಾಕಿದೆವು" ಎಂದಿತ್ತು. ಎರಡನೆಯದರ ಕೆಳಗೆ "ನೀರಿಗೆ ವಿಷ ಹಾಕಿದೆವು."

ಅರ್ಷದ ಬೆಂಚು ಹತ್ತಿ ನಿಂತು, "ಸುಳ್ಳ ಐತ್ರಿ ಅಕ್ಕೋರ! ನಮ್ಮ ದಾದಿ ಹಂಗ ಅಂದೇ ಇಲ್ರಿ!" ಎಂದು ಕೂಗಿದ. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಅಂದು ನನಗೆ ಎರಡು ಕೋಡು ಮೂಡಿದ್ದವು ನೋಡು. ಪಾಲಕರೂ ನೋಡಿ ಮೆಚ್ಚಲಿ ಎಂದು ಎರಡನ್ನೂ ಅವರ ವಾಟ್ಸಾಪ್ ಗುಂಪಿಗೆ ಕಳಿಸಿದೆ.

ಊರು ಎರಡನೆಯದನ್ನಷ್ಟೇ ಮುಂದೆ ಕಳಿಸಿತು.

ಮೊದಲ ದಿನ ಕೆಲವರು ನಕ್ಕರು. ಮರುದಿನ ರಂಜಾನಬಿಯ ಮನೆ ಪಕ್ಕದ ನಲ್ಲಿಗೆ ಬಂದ ಹೆಂಗಸರು ಖಾಲಿ ಕೊಡ ಹಿಡಿದು ಹಾಗೇ ತಿರುಗಿದರು. ಬುಧವಾರ ಹಿಂದಿನ ಓಣಿಯ ಇಬ್ಬರಿಗೆ ವಾಂತಿಭೇದಿ ಆಯಿತು. ಇಬ್ಬರೂ ಹುನಗುಂದದಲ್ಲಿ ಮದುವೆ ಊಟ ಉಂಡು ಬಂದವರು, ಆದರೆ ಆ ಊಟದ ಹೆಸರನ್ನು ಯಾರೂ ಎತ್ತಲಿಲ್ಲ. ಅದು ಪಾಠಕ್ಕೆಂದು ಮಾಡಿದ ಸುಳ್ಳು ಎಂದು ಗುಂಪಿನಲ್ಲಿ ಬರೆದೆ. "ಹಂಗಾರ ವಿಷ ಅಂತ ಬರದವರು ಯಾರ್ರಿ?" ಎಂದು ಒಬ್ಬರು ಕೇಳಿದರು. ನಮ್ಮ ಮುಖ್ಯಗುರು ರಾಚಯ್ಯನವರು ಆ ಗುಂಪನ್ನೇ ಮುಚ್ಚಿಸಿ, "ಸುಮ್ನಿರ್ರಿ ಅಕ್ಕೋರ, ನಾವು ಬಾಯಿ ಹಾಕಿದ್ರ ನಮ್ಮ ಸಾಲಿ ಮ್ಯಾಲೇ ಬರ್ತೈತಿ" ಎಂದರು.

ಶುಕ್ರವಾರದಿಂದ ನಾಲ್ಕು ಬೈಕುಗಳು ರಂಜಾನಬಿಯ ಬಾಗಿಲೆದುರು ಬಂದು, ಎಂಜಿನ್ ಆರಿಸದೆ ತುಸು ಹೊತ್ತು ನಿಂತು ಹೋಗುತ್ತಿವೆ. ಮಾತಿಲ್ಲ, ಬೈಗುಳವಿಲ್ಲ. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಿನ್ನೆ ರಂಜಾನಬಿ ಶಾಲೆಗೇ ಬಂದರು. "ಅಕ್ಕೋರ, ನಾ ಏನ್ ಅಂದೇನಿ ಅಂತ ನಿಮಗ ಗೊತ್ತೈತಿ. ಸೋಮವಾರ ಓಣ್ಯಾಗ ಮೀಟಿಂಗ್ ಕರದಾರ. ನೀವ ಬಂದು ಹೇಳ್ರಿ. ನನ್ನ ಮಾತು ನಾ ಹೇಳಿದ್ರ ಯಾರ್ ನಂಬ್ತಾರ?" ಎಂದರು. ಬರುತ್ತೇನೆ ಎಂದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ನಿಮ್ಮ ಅತ್ತೆಯವರಿಗೆ ಶರಣು ತಿಳಿಸು. ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ಬಸವಣ್ಣ ಅವರನ್ನು ಚೆನ್ನಾಗಿಟ್ಟಿರಲಿ, ನನಗಿಂತ ಗಟ್ಟಿ ಎದೆಯವರಾಗಲಿ.

ನಿನ್ನ
ಸುನಂದಾ

ತಾ.ಕ.: ಬರೆಯಬೇಕಾದ್ದು ಇನ್ನೂ ಉಳಿದಿದೆ, ಪ್ರಿಯಾ. ಸುಳ್ಳು ಸಾಲಿಗೆ ಮಕ್ಕಳು ತಾವಾಗಿ ಬರೆದದ್ದು "ನೀರಿಗೆ ಸಕ್ಕರೆ ಹಾಕಿದೆವು" ಎಂದು. ಇಷ್ಟು ಸಪ್ಪೆ ಸುಳ್ಳಿನಿಂದ ಏನು ಕಲಿತಾರು ಎಂದು ನಾನೇ ಸಕ್ಕರೆ ಅಳಿಸಿ ವಿಷ ಎಂದು ಹಾಕಿಸಿದೆ. ಅಕ್ಷರ ಒತ್ತಿದ್ದು ವಿದ್ಯಾ, ಕುರಿ ಸಾಕುವ ಮಲಕಪ್ಪನ ಮಗಳು, ಹತ್ತು ವರ್ಷ. ನಿನ್ನೆ ರಂಜಾನಬಿ ಹೋದ ಮೇಲೆ ರಾಚಯ್ಯನವರು ನನ್ನೆದುರೇ, "ವಿಷ ಅಂತ ಯಾರ್ ಬರದೀರಿ?" ಎಂದು ಮಕ್ಕಳನ್ನು ಕೇಳಿದರು. ವಿದ್ಯಾ ನನ್ನ ಮುಖ ನೋಡಿದಳು. ನಾನು ಹಾಜರಿ ಪುಸ್ತಕ ನೋಡಿದೆ. "ನಾನ ಬರದೀನ್ರಿ ಸರ್" ಎಂದಳು. ನಾಳೆಯ ಸಭೆಗೆ ಮಲಕಪ್ಪ ಮಗಳನ್ನೂ ಕರೆದುಕೊಂಡು ಬರಬೇಕಂತೆ. ಅಲ್ಲಿಯೂ ಅವಳು ನನ್ನ ಮುಖ ನೋಡುತ್ತಾಳೆ. ನಾನು ಮತ್ತೆ ಸುಮ್ಮನಿದ್ದುಬಿಡುತ್ತೇನೆಂದು ಭಯವಾಗುತ್ತಿದೆ.