ತಿರುಗಿಸಿ ನೋಡದ ಕಂಬ

ಪ್ರೀತಿಯ ಮಾವನಿಗೆ,

ಅಕ್ಷರ ಸೊಟ್ಟಗಿದೆ, ತಪ್ಪೂ ಇರಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ಇಂಜಿನಿಯರು "ಕಂಬದ ಪ್ಲೇಟೆಲ್ಲ ನುಂಗಿ ನೀರು ಕುಡಿದೆಯೇನಯ್ಯಾ?" ಎಂದು ಬೈದು ನಿಮ್ಮನ್ನು ಕೆಲಸದಿಂದ ಕಳಿಸಿದಾಗ ನಾನು ಬಾಗಿಲ ಹಿಂದೆಯೇ ಇದ್ದೆ. ಬಾಯಿ ಬಿಡಲಿಲ್ಲ. ನೀವು ನಕ್ಷೆಯಂತೆಯೇ ವೆಲ್ಡ್ ಮಾಡಿದ್ದಿರಿ. ಎರಡು ಉಕ್ಕಿನ ಚಾನೆಲ್ ಪಟ್ಟಿ ಜೋಡಿಸಿದ ಆ ಕಂಬವನ್ನು ಕಂಪ್ಯೂಟರಿನ ನಕ್ಷೆಯಲ್ಲಿ ಕೆಳಗಿನ ಮಹಡಿಯಿಂದ ಮೇಲಿನದಕ್ಕೆ ನಕಲು ಮಾಡಿದವಳು ನಾನು. ಎರಡನ್ನೂ ಬಿಗಿಯುವ ಪ್ಲೇಟುಗಳು ನಕಲಿನ ಜೊತೆಗೆ ಬಂದಿರಲಿಲ್ಲ. ಪರದೆಯ ಮೇಲೆ ಎದುರಿನಿಂದ ಸರಿಯಾಗಿ ಕಂಡಿತು; ತಿರುಗಿಸಿ ನೋಡಲಿಲ್ಲ. "ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಕಂಪ್ಯೂಟರಾ?" ಎಂದವರಿಗೆ "ಅವಳ ಕಣ್ಣು ಚುರುಕು" ಎಂದವರು ನೀವು.

ಇವತ್ತು ಇಂಜಿನಿಯರಿಗೆ ಎಲ್ಲ ಹೇಳಿದೆ. ನೀವು ನಾಳೆ ಬರಬೇಕಂತೆ. ಕಂಬ ಕತ್ತರಿಸುವುದು ಬೇಡ, ಪ್ಲೇಟು ಸೇರಿಸಿದರೆ ಸಾಕಂತೆ. ನನ್ನನ್ನು ಮಾತಾಡಿಸದಿದ್ದರೂ ಸರಿ, ಬನ್ನಿ. ಗೇಟಿನ ಹೊರಗೆ ಬಿದ್ದಿದ್ದ ನಿಮ್ಮ ವೆಲ್ಡಿಂಗ್ ಮಾಸ್ಕನ್ನು ಬೆಳಿಗ್ಗೆ ಒರೆಸಿ, ಅದರ ಮೊಳೆಗೇ ನೇತುಹಾಕಿದ್ದೇನೆ.

ಇಂತಿ,
ನಿಮ್ಮ ತಂಗಿಯ ಮಗಳು