ಗೆರೆ ದಾಟಿದವನು ಔಟ್

ಬಸವಕಲ್ಯಾಣ,
೭ ನವೆಂಬರ್ ೨೦೨೪, ಗುರುವಾರ

ನಮ್ಮ ಮನೆಯವರಿಗೆ ಕಾಜಲ ಮಾಡುವ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಜೈಲಿನ ಬೇಳೆ ನೀರು ನೀರಾಗಿರುತ್ತದೆ ಎಂದು ಬರೆದಿದ್ದೀರಿ. ದೇಶ ಕೊಡುವ ಅನ್ನ, ಭಕ್ತಿಯಿಂದ ಉಣ್ಣಿರಿ. ತವರಿಗೆ ಬಂದು ಎಂಟು ತಿಂಗಳಾಯಿತು, ನನಗೇನೂ ಕಡಿಮೆಯಿಲ್ಲ. ನೀವಿಲ್ಲದ್ದಕ್ಕೆ ನಿದ್ದೆ ಚೆನ್ನಾಗಿ ಬರುತ್ತಿದೆ.

ಜೈಲಿಗೆ ನೋಡಲು ಬಂದಿದ್ದ ನಿಮ್ಮ ಗೆಳೆಯ ಗುರುನಾಥನ ಕೈಯಲ್ಲಿ ಕಳಿಸಿದ ಪತ್ರ ನಾಲ್ಕು ಸಲ ಓದಿದೆ. "ದೇಶಭಕ್ತಿ ಅಂದ್ರ ಕಬಡ್ಡಿ ಇದ್ದಂಗ, ಗೆರಿ ದಾಟಿದಂವ ಔಟ್. ನಾ ಹೊಡದದ್ದು ದೇಶಕ್ಕಾಗಿ" ಎಂದಿದ್ದೀರಲ್ಲ, ಅಬ್ಬಬ್ಬಾ, ಎಂಥ ಜ್ಞಾನ! ಹತ್ತು ವರ್ಷ ನಿಮ್ಮೂರು ದುಬಲಗುಂಡಿಯ ತಂಡದಲ್ಲಿ ಆಡಿದ ನಿಮಗೆ ಕಬಡ್ಡಿಯೂ ತಿಳಿಯಲಿಲ್ಲ. ಅದರಲ್ಲಿ ಔಟಾದವನು ಹೊರಗೆ ಕೂತಿರುತ್ತಾನೆ, ತನ್ನವರು ಎದುರಿನವನೊಬ್ಬನನ್ನು ಹಿಡಿದರೆ ಎದ್ದು ಮತ್ತೆ ಒಳಗೆ ಬರುತ್ತಾನೆ. ನೀವು ಔಟ್ ಮಾಡಿದ ಕಾಸಿಮಣ್ಣ ಹೇಗೆ ಏಳಬೇಕು? ಮೊಣಕಾಲಿಗೆ ರಾಡ್ ಹಾಕಿದ್ದಾರೆ. ಪಾಯಖಾನೆಗೂ ಹೆಂಡತಿಯೇ ಎತ್ತಿಕೊಂಡು ಹೋಗಬೇಕು.

ರೇಡಿಗೆ ಹೋದಾಗ ದಮ್ಮು ಹಿಡಿಯಲು ನಿಮಗೆ ಕಲಿಸಿದವನೇ ಅವನು. ಅವತ್ತು ನಮ್ಮ ಪಡಸಾಲೆಯಲ್ಲಿ ಟಿವಿಯಲ್ಲಿ ಕಬಡ್ಡಿ ನೋಡುತ್ತ ತಂಡದವರೆಲ್ಲ ಕೂತಿದ್ದಿರಿ, ನಾನು ಚಹಾ ಕೊಡುತ್ತಿದ್ದೆ. ಎದುರಿನ ದೇಶದ ಆಟಗಾರ ನಮ್ಮ ಮೂವರನ್ನು ಮುಟ್ಟಿ, ಹೊರಳಿ, ಗೆರೆ ಸೇರಿದ. ಕಾಸಿಮಣ್ಣನ ಕೈ ತಾನೇ ಚಪ್ಪಾಳೆ ತಟ್ಟಿತು. "ಶಾಬಾಸ್ ಮಗನ, ಏನ್ ರೇಡ್ ಹೊಡದಿ!" ಎಂದ. ಅಷ್ಟೇ. ನೀವು ಮೂಲೆಯಲ್ಲಿದ್ದ ಹಾರೆ ಎತ್ತಿದಿರಿ. ಉಳಿದ ಆರು ಮಂದಿ ಕಬಡ್ಡಿಯಲ್ಲಿ ಹಿಡಿಯುವ ಹಾಗೆಯೇ ಅವನ ಕೈಕಾಲು ಹಿಡಿದರು. ಯಾವ ಗೆರೆ ದಾಟಿದ್ದ ಅವನು? ನಮ್ಮದೇ ಚಾಪೆಯ ಮೇಲೆ ನನ್ನ ಚಹಾ ಕುಡಿಯುತ್ತ ಕೂತಿದ್ದ. ಆಟದಲ್ಲಾದರೆ ಸೀಟಿ ಊದಿ ನಿಲ್ಲಿಸುವವನೊಬ್ಬ ಇರುತ್ತಾನೆ. ಇಲ್ಲಿ ನಾನೊಬ್ಬಳಿದ್ದೆ, ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಥೂ, ನನ್ನ ಬಾಳಿಗಿಷ್ಟು!

ಅವನು ಮೆಟ್ಟಿಲಿಂದ ಜಾರಿ ಬಿದ್ದ ಎಂದು ಆ ಆರು ಮಂದಿಯೂ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರೆ. "ನೀನೂ ಅದನ್ನ ಹೇಳು, ಇಲ್ಲಾಂದ್ರ ನಾ ಒಳಗ ಕೊಳಿತೀನಿ" ಎಂದು ಬರೆದು, ಕೆಳಗೆ ಅಪ್ಪನ ಹೆಸರು ಸೇರಿಸಿ ಪೂರ್ತಿ ಸಹಿ ಮಾಡಿದ್ದೀರಿ. ಹೆಂಡತಿಗೆ ಬರೆಯುವ ಪತ್ರಕ್ಕೂ ಅಷ್ಟು ಮರ್ಯಾದೆ!

ಅತ್ತೆ ಸತ್ಯಮ್ಮನವರು ನಿಮಗಾಗಿ ಸೋಮವಾರ ಉಪವಾಸ ಹಿಡಿದಿದ್ದಾರೆ. ದೇವರು ನಿಮಗೆ ಆಯುಷ್ಯ ಕೊಡಲಿ, ಒಳಗೆ ಅದು ಬೇಕಾಗುತ್ತದೆ.

ಇಂತಿ,
ಕಾಜಲ

ತಾ.ಕ.: ಟಪಾಲಿಗೆ ಹಾಕಲು ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ಹುಮನಾಬಾದ ಕೋರ್ಟಿನಲ್ಲಿ ನನ್ನ ಸಾಕ್ಷಿ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಿಮ್ಮ ಪತ್ರವನ್ನು ಮೊನ್ನೆಯೇ ಸರಕಾರಿ ವಕೀಲರ ಕೈಗೆ ಕೊಟ್ಟೆ. ಎರಡು ಸಲ ಓದಿ, "ಸಹಿನೂ ಮಾಡ್ಯಾನಲ್ರಿ ತಂಗಿ!" ಎಂದು ನಕ್ಕರು. ದಮ್ಮು ಹಿಡಿದುಕೊಂಡಿರಿ.