ರೆಪ್ಪೆರಾಯ ಕಂಡ ಹುಳ

ಜೂನ್ ೨, ಭಾನುವಾರ
ಮನೆಯ ಮುಂದಿನ ಕೋಣೆ, ಹೊಲಿಗೆ ಯಂತ್ರದ ಪಕ್ಕ

ಪ್ರೀತಿಯ ತಮ್ಮ ರೆಪ್ಪೆರಾಯನಿಗೆ,

ಹೇಗಿದ್ದೀಯೋ? ಹೊಟ್ಟೆ ತುಂಬ ತಿನ್ನುತ್ತೀಯಾ ಎಂದು ಹಡಗಿನ ಅಡುಗೆಯವನನ್ನು ಕೇಳಬಾರದು, ಆದರೂ ಕೇಳುತ್ತೇನೆ. ಎಲ್ಲರಿಗೂ ಬಡಿಸಿ ತಾನು ತಳ ಕೆರೆದುಕೊಂಡು ತಿನ್ನುವ ಜಾತಿ ನೀನು. ಬೆನ್ನುನೋವು ಕಡಿಮೆಯಾಯಿತೇ? ಅಲೆ ಜೋರಿದ್ದಾಗ ಒಲೆಯ ಹತ್ತಿರ ಹುಷಾರಾಗಿರು. ನಾನು ಚೆನ್ನಾಗಿದ್ದೇನೆ. ಶಾಲೆ ತೆರೆಯುವ ಕಾಲ ನೋಡು, ಸಮವಸ್ತ್ರ ಹೊಲಿದು ಹೊಲಿದು ಕನಸಿನಲ್ಲೂ ಗುಂಡಿಯೇ ಕಾಣುತ್ತದೆ. ಕೋಣೆಯ ಇನ್ನರ್ಧದಲ್ಲಿ ರಿಪೇರಿಗೆ ಕೂರುವ ಅಪ್ಪನಿಗೂ ಕೆಲಸ ಬಂದಿದೆ. ಶಾಲೆಗಳವರು ವರ್ಷವಿಡೀ ಕೆಡಿಸಿದ ಮೈಕ್ರೋಸ್ಕೋಪುಗಳನ್ನೆಲ್ಲ ತಂದು ಸುರಿದು ಹೋಗಿದ್ದಾರೆ.

ಅವುಗಳ ಸಾಲು ನೋಡಿದರೆ ನೀನು ಚಡ್ಡಿ ಹಾಕಿಕೊಂಡು ಸ್ಟೂಲು ಹತ್ತಿ ನಿಂತಿದ್ದ ದಿನ ಕಣ್ಣಿಗೆ ಕಟ್ಟುತ್ತದೆ. ಕೆರೆಯ ನೀರಿನ ಹನಿಯಲ್ಲಿ ಕರಿ ಕಾಲುಗಳ ದೊಡ್ಡ ಹುಳ ಇದೆ ಎಂದು ಕೂಗಿ ಬೀದಿಯವರನ್ನೆಲ್ಲ ಸೇರಿಸಿದ್ದೆ. ಅಪ್ಪ ನೋಡಿದರೆ ಹುಳ ಇಲ್ಲ, ನೀನು ನೋಡಿದರೆ ಇದೆ. ಕೊನೆಗೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನಿನ್ನದೇ ರೆಪ್ಪೆ ಕಣೋ. ನೀನು ಎದ್ದು ಹೋದರೆ ಹುಳವೂ ನಿನ್ನ ಹಿಂದೇನೇ ಬರತ್ತೆ" ಅಂದರು. ಅವತ್ತು ಅಂಟಿದ ಹೆಸರು ಇನ್ನೂ ಬಿಟ್ಟಿಲ್ಲ. ಹಡಗಿನವರಿಗೆ ಗೊತ್ತಾದರೆ ನನ್ನ ಮೇಲೆ ಸಿಟ್ಟಾಗಬೇಡ.

ಲೆಕ್ಕದಲ್ಲೂ ನೀನು ಮಹಾ ಜಾಣ. ಕಣ್ಣಿಡುವ ಮೇಲಿನ ಲೆನ್ಸಿನ ಮೇಲೆ ಹತ್ತು, ಕೆಳಗಿನದರ ಮೇಲೆ ನಲವತ್ತು ಎಂದು ಬರೆದಿದ್ದರೆ, ಕೂಡಿ ಐವತ್ತು ಅನ್ನುತ್ತಿದ್ದೆ. ಕೆಳಗಿನದು ನಲವತ್ತು ಪಟ್ಟು ದೊಡ್ಡದು ಮಾಡಿ ಕೊಟ್ಟದ್ದನ್ನು ಮೇಲಿನದು ಮತ್ತೆ ಹತ್ತು ಪಟ್ಟು ಮಾಡುತ್ತದೆ, ಗುಣಿಸಬೇಕು, ನಾನೂರು ಎಂದು ಅಪ್ಪ ಎಷ್ಟು ಸಲ ಹೇಳಿದರೋ. ಗೊತ್ತಾದ ಮೇಲೆ ನಿನ್ನ ಆಸೆಗೆ ಮಿತಿಯೇ ಇರಲಿಲ್ಲ. ಇನ್ನೊಂದು ಲೆನ್ಸು ಹಾಕು, ಮತ್ತೊಂದು ಹಾಕು ಎಂಬ ಹಟ. ಅಪ್ಪ ಹಾಕಿಯೂ ತೋರಿಸಿದರು. ಈರುಳ್ಳಿ ಸಿಪ್ಪೆ ದೊಡ್ಡದಾಯಿತು, ಕತ್ತಲಾಯಿತು, ಅಂಚೆಲ್ಲ ಕಲಸಿಹೋಯಿತು. "ದೊಡ್ಡದು ಮಾಡೋದೇ ಬೇರೆ, ಬಿಡಿಸಿ ತೋರಿಸೋದೇ ಬೇರೆ" ಅಂದಿದ್ದರು. ನಾನು ಗುಂಡಿಯ ಕಾಜ ಹೊಲಿಯುವುದು ಬಿಟ್ಟು ಕೇಳಿಸಿಕೊಂಡಿದ್ದೆ. ಆ ಸಂಜೆಗಳು ಮತ್ತೆ ಬರಲಿ ಅನ್ನಿಸುತ್ತದೆ ಕಣೋ, ಮೂವರೂ ಒಂದೇ ದೀಪದ ಕೆಳಗೆ.

ಈಗ ಅದೇ ಅಪ್ಪನ ಅವತಾರ ಕೇಳು. ತಿಂಗಳಿನಿಂದ ಯಾವ ಯಂತ್ರ ನೋಡಿದರೂ ಲೆನ್ಸಿಗೆ ಬೂಷ್ಟು ಹಿಡಿದಿದೆ ಅನ್ನುತ್ತಾರೆ. ಬಿಚ್ಚುತ್ತಾರೆ, ಸ್ಪಿರಿಟ್ ಹಚ್ಚಿ ಒರೆಸುತ್ತಾರೆ, ಜೋಡಿಸಿ ನೋಡಿದರೆ ಮತ್ತೆ ಮಂಜು. ಹತ್ತರ ಲೆನ್ಸು ತೆಗೆದು ಹದಿನೈದರದ್ದು ಹಾಕಿದರು, ಮಂಜು ಇನ್ನೂ ದಟ್ಟವಾಯಿತು. ನನಗೆ ತಡೆಯಲಾಗಲಿಲ್ಲ. ಯಾವ ಭಾಗ ಅಲುಗಿಸಿದಾಗ ಕಲೆಯೂ ಅಲುಗುತ್ತದೋ ಕಲೆ ಅದರಲ್ಲೇ ಎಂದು ನೀವೇ ಕಲಿಸಿದ್ದಲ್ಲವೇ, ಮಾಡಿ ನೋಡಿ ಅಂದೆ. ಈರುಳ್ಳಿ ಸಿಪ್ಪೆ ಇಟ್ಟಿದ್ದ ಗಾಜಿನ ಪಟ್ಟಿ ಸರಿಸಿದರು, ಮಂಜು ಸರಿಯಲಿಲ್ಲ. ಮೇಲಿನ ಲೆನ್ಸು ತಿರುಗಿಸಿದರು, ಮಂಜು ತಿರುಗಲಿಲ್ಲ. ಕೆಳಗಿನದನ್ನು ಬದಲಿಸಿದರು, ಹೋಗಲಿಲ್ಲ. ಇನ್ನು ಉಳಿದದ್ದು ಒಂದೇ. ಆದರೆ ಅಪ್ಪ, ಬಲ್ಬು ಸರಿಯಿಲ್ಲ ಅಂದರು. ಹೊಸ ಬಲ್ಬೂ ಬಂತು. ನಾನು ಕಣ್ಣಿಟ್ಟು ನೋಡಿದೆ: ಈರುಳ್ಳಿಯ ಕೋಶಗಳು ಗೋಡೆಯ ಇಟ್ಟಿಗೆಗಳ ಹಾಗೆ ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು. ಹೇಳಿದರೆ, ನಿನಗೆ ನೂಲು ಗೊತ್ತು, ಲೆನ್ಸು ಗೊತ್ತಾ ಎಂದು ನನ್ನ ಬಾಯಿ ಮುಚ್ಚಿಸಿದರು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಇರಲಿ. ನೀನು ಚಿಂತೆ ಮಾಡಬೇಡ. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ಕೈ ಸುಟ್ಟುಕೊಳ್ಳಬೇಡ. ಅಪ್ಪ ಆಶೀರ್ವಾದ ಹೇಳಿದ್ದಾರೆ. ನಿನಗೊಂದು ಅಂಗಿ ಹೊಲಿದಿಟ್ಟಿದ್ದೇನೆ, ಹೊಟ್ಟೆ ಬಂದಿದ್ದರೆ ಬಿಚ್ಚಿ ಅಗಲ ಮಾಡಿಕೊಡುತ್ತೇನೆ.

ನಿನ್ನ
ಅಕ್ಕ

ತಾ.ಕ.: ಚಿಂತೆ ಮಾಡಬೇಡ ಅಂದದ್ದು ಸುಳ್ಳು. ಕನ್ನಡಕ ಬದಲಿಸುವ ನೆಪ ಹೇಳಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಎರಡು ಕಣ್ಣಿಗೂ ಪೊರೆ ಬಲಿತಿದೆ, ಬೇಗ ತೆಗೆಸಿ ಅಂದರು. ಅಪ್ಪ ಒಪ್ಪುತ್ತಿಲ್ಲ, ಹೆದರಿದ್ದಾರೆ. ಈಗ ಲಕೋಟೆ ಅಂಟಿಸಲು ಹೊರಟಾಗ ಹತ್ತಿರ ಬಂದು ಕೂತು ಹೇಳಿದರು: "ಬೂಷ್ಟು ಲೆನ್ಸಿಂದಲ್ಲ, ನನಗೆ ಗೊತ್ತು ಕಣಮ್ಮಾ. ಹುಳ ಅಲ್ಲ, ನಿನ್ನ ರೆಪ್ಪೆ ಅಂತ ಅವತ್ತು ಅವನಿಗೆ ನಾನು ಹೇಳಿದೆ. ಈಗ ಅವನು ಬಂದು ನೋಡಿ, ಅದು ನಿನ್ನ ಕಣ್ಣೇ ಅಪ್ಪಾ ಅಂತ ನನಗೆ ಹೇಳಲಿ. ಅವನ ಕೈ ಹಿಡ್ಕೊಂಡೇ ಆಸ್ಪತ್ರೆಗೆ ಹೋಗ್ತೀನಿ." ಹಡಗು ದಡ ಸೇರಿದ ದಿನವೇ ಹೊರಟು ಬಾ.